ಏಳರ ಮಗ್ಗಿಯೂ ನನ್ನ ಮನೆಪಾಠವೂ

ಮೂರನೇ ಕ್ಲಾಸಿನ ಲೆಕ್ಕ ಕಲಿಸಲು ಒಬ್ಬ ಮನುಷ್ಯನಿಗೆ ಏನೇನು ಬೇಕು? ಒಂದು ಚಾಪೆ, ಒಂದು ಪಾಟಿ, ತುಸು ತಾಳ್ಮೆ. ಚಾಪೆ ಮತ್ತು ಪಾಟಿ ನಮ್ಮ ಮನೆಯಲ್ಲಿದ್ದವು.

ಎಪ್ಪತ್ತರ ದಶಕದ ನಡುವೆ ನಾನು ಯಲಬುರ್ಗಾದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮಗಳು ಗಿರಿಜಾ ಮೂರನೇ ಕ್ಲಾಸು. ಅವಳ ಮಾಸ್ತರು ಹಾವೇರಿ ಕಡೆಯಿಂದ ಹೊಸದಾಗಿ ಬಂದ ತರುಣರು. ಒಂದು ದಿನ ಸಂತೆಯಲ್ಲಿ ನನ್ನನ್ನು ತಡೆದು, ಹುಡುಗಿಗೆ ಮಗ್ಗಿ ಬರುವುದಿಲ್ಲ, ಓದೂ ಅಷ್ಟಕ್ಕಷ್ಟೇ, ತಿಂಗಳ ಕೊನೆಗೆ ಹೆಡ್ ಮಾಸ್ತರರ ಮುಂದೆ ಬಾಯಿ ಪರೀಕ್ಷೆಯಿದೆ, ಅದರಲ್ಲಿ ತಪ್ಪಿದರೆ ಇನ್ನೊಂದು ವರ್ಷ ಮೂರರಲ್ಲೇ ಕೂಡಬೇಕಾಗುತ್ತದೆ ಎಂದರು. ನನ್ನ ಕೈಯಲ್ಲಿದ್ದ ಬದನೆಕಾಯಿ ಚೀಲ ಒಮ್ಮೆಲೇ ಭಾರವಾಯಿತು.

ನಾನು ಮೊದಲೇ ಚಿಂತೆಯ ಮನುಷ್ಯ. ಮೋಡ ಕಂಡರೆ ಮಾಳಿಗೆ ಸೋರೀತೆಂದು, ಕಾಣದಿದ್ದರೆ ಬಾವಿ ಬತ್ತೀತೆಂದು ಊಟ ಬಿಡುವವನು. ಮನೆ ಮುಟ್ಟುವಷ್ಟರಲ್ಲಿ ನನ್ನ ಕಣ್ಣೆದುರು ಗಿರಿಜಾ ಮೂರನೇ ಕ್ಲಾಸಿನಲ್ಲೇ ಮುದುಕಿಯಾಗಿಬಿಟ್ಟಿದ್ದಳು.

ಹಿಂದಿನ ಓಣಿಯಲ್ಲಿ ಮೆಟ್ರಿಕ್ ಆದ ಹುಡುಗಿಯೊಬ್ಬಳಿದ್ದಾಳೆ, ಅವಳ ಹತ್ತಿರ ಪಾಠಕ್ಕೆ ಕಳಿಸೋಣ ಎಂದಳು ಹೆಂಡತಿ ನೀಲಮ್ಮ. ನನ್ನ ಸ್ವಾಭಿಮಾನ ಕೆರಳಿತು. ಕಚೇರಿಯಲ್ಲಿ ಇಡೀ ತಾಲೂಕಿನ ಲೆಕ್ಕದ ಬೇರೀಜು ಹಾಕುವವನು ನಾನು!

"ಬ್ಯಾರೆಯವ್ರು ಯಾಕ? ಮನ್ಯಾಗ ನಾನಿಲ್ಲೇನು?"

"ನೀವು ಅದೀರಿ ಅಂತನ ಹೇಳಾಕತ್ತೀನಿ," ಎಂದಳು ನೀಲಮ್ಮ.

ಇಲ್ಲಿ ಓದುಗರಲ್ಲಿ ಒಂದು ಅರಿಕೆ. ನಮ್ಮೂರು ನವಲಿ. ನಾನು ಸಾಲೆ ಕಲಿತದ್ದು ನಿಜಾಮರ ಕಾಲದಲ್ಲಿ, ಗಂಗಾವತಿಯಲ್ಲಿ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಎಲ್ಲವೂ ಉರ್ದು. ಮುಂದೆ ಸರ್ಕಾರ ಬದಲಾಯಿತು, ಬಾವುಟ ಬದಲಾಯಿತು, ಕಚೇರಿಯ ಕಾಗದಪತ್ರಗಳೂ ಬದಲಾದವು. ನನ್ನ ತಲೆಯೊಳಗಿನ ಮಗ್ಗಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಲಿಲ್ಲ. ನಾನು ಮಾತಾಡುವುದು ಕನ್ನಡದಲ್ಲಿ, ಎಣಿಸುವುದು ಉರ್ದುವಿನಲ್ಲಿ. ಬಾಯಿಬಿಟ್ಟು ಎಣಿಸುವ ಪ್ರಸಂಗ ಅಲ್ಲಿಯವರೆಗೆ ಬಂದಿರಲಿಲ್ಲ.

ಈಗ ಬಂತು. ಮೊದಲ ಸಂಜೆ ಚಾಪೆಯ ಮೇಲೆ ಕೂತು "ಏಳ ಆರ್ಲೆ?" ಎಂದು ಗಂಭೀರವಾಗಿ ಕೇಳಿದೆ. ಗಿರಿಜಾ ನನ್ನ ಮುಖ ನೋಡಿದಳು. ಅಂದರೆ ನಾನೇ ಹೇಳಬೇಕು. ಒಳಗೊಳಗೇ ಉರ್ದುವಿನಲ್ಲಿ ಹೇಳಿಕೊಂಡು, ಬಂದ ಉತ್ತರವನ್ನು ಕನ್ನಡಕ್ಕೆ ಇಳಿಸಿ, ಸರಿಯಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಉರ್ದುವಿಗೆ ಏರಿಸಿ ನೋಡುವಷ್ಟರಲ್ಲಿ ಅವಳು ಎದ್ದು ನೀರು ಕುಡಿದು ಬಂದಿದ್ದಳು.

"ಅಪ್ಪಾ, ನಿನಗ ಬರತೈತೋ ಇಲ್ಲೋ?"

"ಬರತೈತವ್ವಾ. ಭಾಳ ದೂರದಿಂದ ಬರಬೇಕದು."

ಓದಿನ ಪಾಡು ಇದಕ್ಕಿಂತ ಕಡೆ. ಬರಹದ ಕನ್ನಡವನ್ನು ನಾನು ಕಲಿತದ್ದು ನೌಕರಿಗೆ ಸೇರಿದ ಮೇಲೆ, ಅದೂ ಕಚೇರಿಯ ಕಡತಗಳಿಂದ. ಪುಸ್ತಕದಲ್ಲಿ ಆಡೊಂದು ಬೇಲಿ ಹಾರಿ ಜೋಳ ತಿಂದ ಪಾಠವಿತ್ತು. ನನಗೆ ತಿಳಿದಂತೆ ಓದಿಸಿ, ನನಗೆ ತಿಳಿದಂತೆ ಅರ್ಥ ಹೇಳಿದೆ. ಮರುದಿನ ರೊಟ್ಟಿ ಬಡಿಯುತ್ತಿದ್ದ ನೀಲಮ್ಮ, ಏನು ಕಲಿತಿ ಹೇಳು ಎಂದು ಕೇಳಿದಾಗ ಗಿರಿಜಾ ಕೈಕಟ್ಟಿ ನಿಂತು, "ಸದರಿ ಆಡು ಮೇಲ್ಕಾಣಿಸಿದ ಬೇಲಿಯನ್ನು ಪೂರ್ವಾನುಮತಿ ಇಲ್ಲದೆ ಹಾರಿ ಜೋಳ ತಿಂದಿರುತ್ತದೆ" ಎಂದು ಒಂದೇ ಉಸಿರಿಗೆ ಒಪ್ಪಿಸಿದಳು.

ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಆಡಿಗೆ ನೋಟೀಸ್ ಕೊಟ್ರೋ, ಇನ್ನೂ ಇಲ್ಲೋ?" ಎಂದು ನೀಲಮ್ಮ ನನ್ನನ್ನು ಕೇಳಿದಳು.

ದಿನಗಳು ಓಡುತ್ತಿದ್ದವು. ನಾನು ಗದರಿದರೆ ಗಿರಿಜಾ ಅಳುತ್ತಿದ್ದಳು. ಅವಳು ಅತ್ತರೆ ನೀಲಮ್ಮ ನನ್ನನ್ನು ಗದರುತ್ತಿದ್ದಳು. ನನಗೆ ಅಳಲು ಸರದಿಯೇ ಸಿಗುತ್ತಿರಲಿಲ್ಲ. ಒಂದು ಸಂಜೆ ಏಳರ ಮಗ್ಗಿ ಕೆಸರಿನಲ್ಲಿ ಚಕ್ಕಡಿ ಸಿಕ್ಕಂತೆ ನಿಂತಾಗ, ತಾಳಲಾರದೆ ಉರ್ದುವಿನಲ್ಲೇ ಸರ್ರನೆ ಹೇಳಿಬಿಟ್ಟೆ: ಸಾತ್ ಏಕಮ್ ಸಾತ್, ಸಾತ್ ದೂನಿ ಚೌದಾ... ಗಿರಿಜಾಳ ಕಣ್ಣರಳಿದವು. ಇದು ಹಾಡಿನ ಹಾಗಿದೆ, ಇದನ್ನೇ ಹೇಳಿಕೊಡು ಎಂದು ಹಟ ಹಿಡಿದಳು.

ನಾನು ಚಿಂತಿಸಿ ಒಂದು ಯೋಜನೆ ರೂಪಿಸಿದೆ. ಮೊದಲು ಅಡಿಪಾಯ, ಆಮೇಲೆ ಭಾಷಾಂತರ. ಅಡಿಪಾಯವೇನೋ ಭದ್ರವಾಗಿ ಬಿತ್ತು. ಏಳು, ಎಂಟು, ಒಂಬತ್ತು ಎಲ್ಲವೂ ಬಾಯಿಪಾಠವಾದವು; ಹಾಡುತ್ತ ಹಾಡುತ್ತ ಪಾಟಿಯ ಮೇಲೆ ಅಂಕಿಗಳನ್ನೂ ಬರೆಯುತ್ತಿದ್ದಳು. ಇನ್ನೇನು ಭಾಷಾಂತರಕ್ಕೆ ಕೈಹಾಕಬೇಕು, ಅಷ್ಟರಲ್ಲಿ ಗಿರಿಜಾ ಸಾಲೆಯಿಂದ ಓಡಿ ಬಂದು, ಬಾಯಿ ಪರೀಕ್ಷೆ ನಾಳೆಯೇ ಅಂತೆ ಎಂದಳು!

ಮರುದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ, ಸಾಲೆಯ ಕಿಟಕಿಯ ಹೊರಗೆ ಬೇವಿನ ಮರ ನೋಡುವವನಂತೆ ನಿಂತೆ. ಒಳಗೆ ಹೆಡ್ ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು. ತರುಣ ಮಾಸ್ತರು ಗಿರಿಜಾಳನ್ನು ಎಬ್ಬಿಸಿದರು.

"ಏಳ ಎಂಟ್ಲೆ?"

"ಛಪ್ಪನ್ ರೀ ಸರ್."

ಕ್ಲಾಸೆಲ್ಲ ನಕ್ಕಿತು. ಹಾವೇರಿಯ ಮಾಸ್ತರಿಗೆ ಉರ್ದುವಿನ ಗಂಧವಿಲ್ಲ. ಸರಿಯಾಗಿ ಹೇಳು ಎಂದರು. ಅವಳು ಇನ್ನೂ ಸರಿಯಾಗಿ, ಇನ್ನೂ ಗಟ್ಟಿಯಾಗಿ ಛಪ್ಪನ್ ಎಂದಳು. ಕೊನೆಯ ಸಲ ಕೇಳುತ್ತೇನೆ ಎಂದರು ಮಾಸ್ತರು. ಮಗಳ ಒಂದು ವರ್ಷ ಕಣ್ಣೆದುರೇ ಮುಳುಗುತ್ತಿರುವಾಗ ಹೆತ್ತ ತಂದೆ ಸುಮ್ಮನಿರುತ್ತಾನೆಯೇ? ಕಿಟಕಿಯ ಸರಳು ಹಿಡಿದು ಕೂಗಿದೆ.

"ಬರೋಬರಿ ಹೇಳ್ಯಾಳ್ರಿ ಸರ್! ಛಪ್ಪನ್ ಅಂದ್ರ ಐವತ್ತೆಂಟ್ರಿ!"

ಗಡಿಬಿಡಿಯಲ್ಲಿ ಇಳಿಸುವಾಗ ಎರಡು ಹೆಚ್ಚಾಗಿ ಇಳಿದಿತ್ತು.

ಹೆಡ್ ಮಾಸ್ತರರು ನನ್ನ ವಾರಿಗೆಯವರು, ನಿಜಾಮರ ಸಾಲೆಯಲ್ಲೇ ಕಲಿತವರು. ಕನ್ನಡಕ ತೆಗೆದು ಕಿಟಕಿಯನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಗಿರಿಜಾಳನ್ನು ಹತ್ತಿರ ಕರೆದು ಕೈಗೆ ಸೀಮೆಸುಣ್ಣ ಕೊಟ್ಟು, ಹೇಳಬೇಡ, ಹಲಗೆಯ ಮೇಲೆ ಬರೆ ಎಂದರು. ಅವಳು 56 ಎಂದು ದುಂಡಗೆ ಬರೆದಳು. ಎಂಟೊಂಬತ್ತು ಕೇಳಿದರು, ಬರೆದಳು. ಒಂಬತ್ತಾರು ಕೇಳಿದರು, ಬರೆದಳು. ಆಡಿನ ಪಾಠ ಓದಲು ಹೇಳಿದರು. ಪುಣ್ಯಕ್ಕೆ ಅರ್ಥ ಕೇಳಲಿಲ್ಲ.

"ಹುಡುಗಿ ಪಾಸ್ ರಿ," ಎಂದರು ಕಿಟಕಿಯ ಕಡೆ ತಿರುಗಿ. "ಆಕಿ ನಾಲ್ಕನೇ ಕ್ಲಾಸಿಗೆ ಬರಲಿ. ನೀವು ಆಕಿ ಜೋಡಿ ಬರಬ್ಯಾಡ್ರಿ."

ಆ ಸಂಜೆ ನೀಲಮ್ಮ ಓಣಿಯ ಮನೆಮನೆಗೂ ಸಕ್ಕರೆ ಹಂಚಿದಳು. ತಟ್ಟೆ ಹಿಡಿದುಕೊಂಡು ನಾನು ಹಿಂದೆ. ಪ್ರತಿ ಬಾಗಿಲಲ್ಲೂ ಅವಳು ಹೇಳಿದ್ದು ಒಂದೇ ಮಾತು:

"ನಮ್ಮ ಗಿರಿಜಾ ಪಾಸ್ ಆದ್ಲ್ರಿ. ಅವರಪ್ಪ ಅಷ್ಟ ಕಲಿಸಿದ್ರೂ ಪಾಸ್ ಆದ್ಲು."

ನಾನು ಪ್ರತಿ ಬಾಗಿಲಲ್ಲೂ ತಲೆಯಾಡಿಸಿ ಅನುಮೋದಿಸಿದೆ.