ಚಿಪ್ ಇಲ್ಲದೆ ಕೇಳಿಸಿಕೊಂಡ ಚಾಚಾ

ಹ್ಯಾಮ್ ರೇಡಿಯೋ, ಅಂದ್ರೆ ಲೈಸೆನ್ಸ್ ತಗೊಂಡು ಮನೆಯಿಂದಲೇ ರೇಡಿಯೋದಲ್ಲಿ ಮಾತಾಡೋ ಹುಚ್ಚು, ಹತ್ತಿದವರಿಗೆ ಏನಾದರೊಂದು ಜಟಾಪಟಿ ಆಗದೆ ವಾರ ಕಳೆಯೋದಿಲ್ಲ. ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡೋನು. ಹುಚ್ಚು ಹತ್ತಿಸಿದ ಗುರು ಭದ್ರಾವತಿ ಜನ್ನಾಪುರದ ಚಾಚಾ, ರಿಟೈರಾದ ಫಿಟ್ಟರ್. ದಿನಾ ಬೆಳಗ್ಗೆ ಏಳಕ್ಕೆ ರೇಡಿಯೋದಲ್ಲಿ ನಮ್ಮಿಬ್ಬರ ಮಾತು ಆಗಲೇಬೇಕು.

ಬೀಗದ ಕೈ

ಆಸೆಪಟ್ಟು ಹೊಸ ಡಿಜಿಟಲ್ ರೇಡಿಯೋ ಸೆಟ್ ತಂದೆ. ಮೊದಲ ದಿನವೇ ಚಾಚಾ ಫೋನು.

"ಬೇಟಾ, ನಿನ್ನ ಸೆಟ್ಟಲ್ಲಿ ಜೇನುಹುಳ ಸೇರ್ಕೊಂಡಿದ್ಯಾ? ಬರೀ ಗುರ್ ಅಂತಿದೆ."

"ಇದು ದನೀನ ಅಂಕಿ ಮಾಡಿ ಕಳಿಸುತ್ತೆ ಚಾಚಾ. ಕೇಳೋಕೆ ನಿಮ್ಮ ಸೆಟ್ಟಲ್ಲೂ ಇದನ್ನ ಮಾಡಿದ ಕಂಪನಿಯ ಚಿಪ್ಪೇ ಬೇಕು."

"ಹಾಗಾದ್ರೆ ಗುಪ್ತಭಾಷೆ! ಕಾನೂನು ಪ್ರಕಾರ ಹ್ಯಾಮ್‌ಗಳು ಗುಟ್ಟಲ್ಲಿ ಮಾತಾಡೋ ಹಾಗಿಲ್ಲ, ಗೊತ್ತಲ್ಲ?"

"ಗುಟ್ಟೆಲ್ಲಿ ಬಂತು? ಚಿಪ್ ಕೊಂಡ್ರೆ ಯಾರು ಬೇಕಾದ್ರೂ ಕೇಳಬಹುದು."

"ಬೀಗದ ಕೈ ಅಂಗಡೀಲಿ ಸಿಗುತ್ತೆ ಅಂದ್ರೆ ಬಾಗಿಲಿಗೆ ಬೀಗ ಹಾಕಿಲ್ಲ ಅಂತಲಾ ಮಾರಾಯ?"

ಪುಕ್ಕಟೆ ಪಾಠ

ಬಿಡಬಾರದು ಅಂತ ಭಾನುವಾರ ಬಸ್ ಹತ್ತಿ ಜನ್ನಾಪುರಕ್ಕೇ ಹೋದೆ. "ನೀವು ಟಿಕ್ ಟಿಕ್ ಅಂತ ಬಡಿಯೋ ಮೋರ್ಸ್ ಸಂಕೇತ ನನಗೆ ಒಂದಕ್ಷರ ತಿಳಿಯಲ್ಲ. ಅದೂ ಗುಪ್ತಭಾಷೆನೇ ಹಾಗಾದ್ರೆ!" ಅಂದೆ.

"ಕೂತ್ಕೋ" ಅಂದರು. ಬೆಳಗ್ಗೆ ಕೂತವನು ಮಧ್ಯಾಹ್ನ ಮೂರಕ್ಕೆ ನನ್ನ ಹೆಸರು ಬಡಿಯೋದು ಕಲಿತಿದ್ದೆ.

"ನಾನು ಪುಕ್ಕಟೆ ಕಲಿಸ್ದೆ. ಚಿಪ್ ಒಳಗೇನಿದೆ ಅಂತ ಕಂಪನಿಯೋರು ಕಲಿಸ್ತಾರಾ, ಕೇಳು!"

ಒಳಗಿಂದ ಚಾಚಿ ಕೂಗಿದರು: "ಕೇಳ್ಬೇಡಪ್ಪಾ! ಅವರೂ ಕಲಿಸೋಕೆ ಕೂತ್ರೆ ನಿನ್ನ ಊಟ ನಾಳೆಗೇ!"

ಗುರ್

ಆದರೂ ನಾನು ಮೊಂಡು ಹಿಡಿದೆ. ಊರಿನ ಹ್ಯಾಮ್ ಗೆಳೆಯರೆಲ್ಲ ಡಿಜಿಟಲ್ಲಿಗೆ ಬಂದಿದ್ದರು, ಏಳು ಗಂಟೆಗೆ ಅವರ ಜೊತೆಯೇ ಮಾತು. ಹತ್ತು ದಿನ ಚಾಚಾ ಸುದ್ದಿಯೇ ಇಲ್ಲ. ಗುರುವನ್ನು ಕಳ್ಕೊಂಡೆನಾ ಅನ್ನಿಸಿತು. ಫೋನ್ ಮಾಡೋಕೆ ಮುಖವಿಲ್ಲ.

ಹನ್ನೊಂದನೇ ದಿನ ಮಾತು ಮುಗಿಸಿ ಸೆಟ್ ಆರಿಸಿದೆ. ಫೋನ್ ಬಂತು.

"ಬೇಟಾ, ಕೆಮ್ಮು ಜೋರಾಗಿದೆಯಲ್ಲ. ಔಷಧಿ ತಗೊಂಡ್ಯಾ?"

"ಅಯ್ಯೋ, ಚಿಪ್ ತಗೊಂಡ್ರಾ ಚಾಚಾ?"

"ಯಾಕೆ ತಗೊಳ್ಳಲಿ? ಇವತ್ತು ಗುರ್ ನಡುನಡುವೆ ನಿಲ್ತಿತ್ತು. ಕೆಮ್ಮು ಬಂದಾಗ ಮಾತಾಡೋ ಬಟನ್ ಬಿಡು ಅಂತ ಕಲಿಸಿದ್ದು ನಾನಲ್ವಾ?"

ಒಂದು ಮಾತೂ ತಿಳಿಯದೆ ನನ್ನ ಎದೆ ಕಟ್ಟಿರೋದನ್ನ ಕೇಳಿಸಿಕೊಂಡಿದ್ದರು, ಎಂಥಾ ಕಿವಿ!

"ಅಷ್ಟು ಜನರಲ್ಲಿ ನಾನೇ ಅಂತ ಹೇಗೆ ಗೊತ್ತಾಯ್ತು?"

"ಇನ್ನೊಬ್ಬರಿಗೆ ಬಾಯಿ ತೆರೆಯೋಕೆ ಬಿಡದೆ ಮೂರು ನಿಮಿಷ ಗುರ್ ಅನ್ನೋನು ಈ ಜಿಲ್ಲೇಲಿ ಇನ್ಯಾರಿದ್ದಾರೆ?"

"ತಪ್ಪಾಯ್ತು ಚಾಚಾ. ನಾಳೆಯಿಂದ ಹಳೇ ಸೆಟ್ಟೇ" ಅಂದೆ.

ಚಾಚಿ ಫೋನ್ ಕಿತ್ತುಕೊಂಡರು. "ಪುಣ್ಯ ಕಟ್ಕೋ ಮಾರಾಯ! ಹತ್ತು ದಿನದಿಂದ ಈ ಮನುಷ್ಯ ಆ ಗುರ್ರಿಗೆ 'ಹೂಂ, ಹೂಂ, ಆಮೇಲೆ?' ಅಂತ ಕೂತಿದ್ದಾರೆ!"