ಮೂಗಿಗೆ ಮೂರು ಗ್ರಾಂ

ನನ್ನ ಮಾವ ಹೊರೇಸ್ ಪಿಂಡರ್ ಅವರಿಗೆ ಎಂಬತ್ತೆಂಟು ವರ್ಷ. ನಾನು ಅವರ ಅಳಿಯನಾಗಿ ಇಪ್ಪತ್ತೇಳು ವರ್ಷ. ಇಷ್ಟು ಕಾಲದಲ್ಲಿ ನನ್ನ ಬಗ್ಗೆ ಅವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಉದುರಿದ್ದಿಲ್ಲ. (ಹಲ್ಲು ಉದುರಿದೆ. ಅದಕ್ಕೆ ಆಮೇಲೆ ಬರುತ್ತೇನೆ.) ನಾನು ಗೋಡೆಗೆ ಹಾಕಿದ ಕಪಾಟು ನೋಡಿ “ವಾಲಿದೆ” ಅಂದರು. ನಮ್ಮ ಮದುವೆಯ ಆಲ್ಬಂ ತೋರಿಸಿದರೆ “ಹಿಲರಿ ಚೆನ್ನಾಗಿ ಬಂದಿದ್ದಾಳೆ” ಎಂದು ಮುಚ್ಚಿಟ್ಟರು. ನಾನು ಕೆಲಸ ಮಾಡುವುದನ್ನು ನೋಡಿ ಮೂಗು ಮುರಿಯುವುದಕ್ಕೆಂದೇ ಭಗವಂತ ಅವರಿಗೆ ದೀರ್ಘಾಯುಷ್ಯ ಕೊಟ್ಟಿದ್ದಾನೆ ಎಂಬುದು ನನ್ನ ನಂಬಿಕೆ.

ಮಾವ ಯೌವನದಲ್ಲಿ ಕ್ಯಾನ್‌ಬೆರಾ ಎಂಬ ಬಾಂಬರ್ ವಿಮಾನದಲ್ಲಿ ನ್ಯಾವಿಗೇಟರ್ ಆಗಿದ್ದರು. ಅಂದರೆ ಪೈಲಟ್‌ನ ಹಿಂದೆ, ವಿಮಾನದ ಮೂಗಿನ ಕಡೆಯ ಒಂದು ಕತ್ತಲೆ ಗೂಡಿನಲ್ಲಿ ಕೂತು ದಾರಿ ಹೇಳುವವರು. (ಈಗಲೂ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅದೇ ಉದ್ಯೋಗ.) ನಾನೋ, ಲಿಂಕನ್‌ಶೈರಿನ ನಮ್ಮ ಪುಟ್ಟ ಊರಿನ ಮಾದರಿ ವಿಮಾನ ಸಂಘದ ಸದಸ್ಯ. ಈ ವರ್ಷದ ಪ್ರದರ್ಶನದಲ್ಲಿ ಬಹುಮಾನ ಹಂಚಲು ಮಾವನನ್ನೇ ಕರೆದಿದ್ದಾರೆ ಎಂದು ಗೊತ್ತಾದ ದಿನ ನನ್ನ ತಲೆಯಲ್ಲಿ ದಿವ್ಯಜ್ಯೋತಿ ಬೆಳಗಿತು. ಮಾವ ಹಾರಿದ ಅದೇ ಕ್ಯಾನ್‌ಬೆರಾವನ್ನು, ಅವರು ಕೂತ ಗೂಡಿನ ಸಮೇತ, ಅಂಗೈಯಗಲದಲ್ಲಿ ಮಾಡಿ ಅವರ ಮುಂದಿಟ್ಟರೆ? ಬಂಡೆಯಾದರೂ ಒಂದು “ಭೇಷ್” ಅನ್ನಲೇಬೇಕು.

ಬಿಡಿಭಾಗಗಳ ಕಿಟ್‌ನ ಡಬ್ಬಿ ತೆರೆದಾಗ ಮೊದಲ ಆಘಾತ. ನ್ಯಾವಿಗೇಟರ್ ಕೂರುವ ಜಾಗದಲ್ಲಿ ಕಂಪನಿಯವರು ಕೊಟ್ಟದ್ದು ಶುದ್ಧ ಶೂನ್ಯ. ಹಾಗಾದರೆ ಎಲ್ಲವನ್ನೂ ನಾನೇ ಹುಟ್ಟಿಸಬೇಕು. ಸೀಟಿನ ಬೆಲ್ಟಿಗೆ ವೈನ್ ಬಾಟಲಿಯ ಕತ್ತಿನ ತಗಡು. ಮೇಜಿಗೆ ಮೊಸರಿನ ಡಬ್ಬಿ. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ಎಳೆ ಎಳೆಯಾಗಿ ಜಗ್ಗಿದ್ದು ಕೊಳವೆಗಳಿಗೆ. ಚಹಾ ಫ್ಲಾಸ್ಕಿಗೆ ಹಲ್ಲುಕಡ್ಡಿಯ ತುದಿ. ಮನೆಯ ಪ್ರತಿ ತಟ್ಟೆ, ಬಟ್ಟಲು, ಸಾಸರ್ ತುಂಬ ನನ್ನ ಬಿಡಿಭಾಗಗಳು.

“ನೈಜೆಲ್, ನನ್ನ ಕಣ್ರೆಪ್ಪೆ ಬ್ರಷ್ ಯಾಕೆ ಬೋಳಾಗಿದೆ?” ಎಂದಳು ಹಿಲರಿ.

“ಆಂಟೆನಾಕ್ಕೆ ಎರಡು ಕೂದಲು ಬೇಕಿತ್ತು.”

“ಎರಡು ಬೇಕಿದ್ರೆ ಎರಡು ಕೀಳು. ಇದು ನಿನ್ನ ತಲೆ ಥರ ಆಗಿದೆಯಲ್ಲ.”

“ಸರಿಯಾದ ದಪ್ಪದ್ದು ಸಿಗೋವರೆಗೂ ನೋಡಬೇಕಾಯ್ತು.”

“ಅಪ್ಪನ್ನ ಮೆಚ್ಚಿಸೋಕೆ ಇಷ್ಟೆಲ್ಲ ಬೇಕಾ? ಕಾರನ್ನ ಒಂದ್ಸಲ ನೆಟ್ಟಗೆ ನಿಲ್ಲಿಸು ಮಾರಾಯ, ಅಷ್ಟೇ ಸಾಕು.”

ಹತ್ತು ತಿಂಗಳ ತಪಸ್ಸು. ಪ್ರದರ್ಶನಕ್ಕೆ ಎರಡು ದಿನ ಮೊದಲು, ಶುಕ್ರವಾರ ಸಂಜೆಯ ಚಹಾ ಮುಗಿಸಿ, ನನ್ನ ಕ್ಯಾನ್‌ಬೆರಾವನ್ನು ಮೊಟ್ಟಮೊದಲ ಬಾರಿ ಅದರ ಮೂರು ಚಕ್ರಗಳ ಮೇಲೆ ನಿಲ್ಲಿಸಿದೆ. ಅದು ಒಂದು ಕ್ಷಣ ನಿಂತಿತು. ಆಮೇಲೆ ಮೂಗನ್ನು ಮೆಲ್ಲಗೆ ಮೇಲೆತ್ತಿ, ಊಟವಾದ ಎಮ್ಮೆಯ ಹಾಗೆ, ಬಾಲ ಊರಿ ಕುಳಿತುಬಿಟ್ಟಿತು.

ಮುಂದೊಂದು, ಹಿಂದೆರಡು ಚಕ್ರವಿರುವ ವಿಮಾನಕ್ಕೆ ಅಂಟಿಸುವ ಮೊದಲೇ ಮೂಗಿನಲ್ಲಿ ಭಾರ ತುಂಬಬೇಕು. ಇದು ಕಿಟ್‌ನ ಸೂಚನೆಯ ಮೊದಲ ಸಾಲು; ಸಂಘಕ್ಕೆ ನಿನ್ನೆ ಸೇರಿದವನಿಗೂ ಗೊತ್ತು. ನಾನು ಆ ಮೂಗಿನೊಳಗೆ ಸಂಸಾರ ಹೂಡಿದ್ದೆ: ಮೇಜು, ಕುರ್ಚಿ, ನಕ್ಷೆ, ಫ್ಲಾಸ್ಕು. ಮೀನು ಹಿಡಿಯುವ ಗಾಳದ ಸೀಸದ ಗುಂಡುಗಳನ್ನು ಎರಡೂ ಎಂಜಿನ್‌ಗಳ ಬಾಯಿಗೆ ತುರುಕಿದೆ. ಇನ್ನೂ ಮೂರು ಗ್ರಾಂ ಸಾಲದು. ಮೂಗಿನ ಗಾಜಿನ ತುದಿಯೊಂದನ್ನು ಮಾತ್ರ ಅಂಟಿಸಿರಲಿಲ್ಲ. ಅಲ್ಲಿ ಕಡಲೆಯಷ್ಟು ಜಾಗವಿತ್ತು. ಕಡಲೆಯಷ್ಟಿದ್ದು ಸೀಸಕ್ಕಿಂತ ಭಾರವಾದದ್ದು ಲೋಕದಲ್ಲಿ ಏನಿದೆ?

ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಒಂದು ಸಾಸರ್. ಅದರಲ್ಲಿ ನನ್ನದೇ ಯಾವುದೋ ಹಿತ್ತಾಳೆ ಚೂರು. ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಭಗವಂತ ಇದ್ದಾನೆ ಎಂದುಕೊಂಡು ಅದಕ್ಕೆ ಮಂಕು ಕಪ್ಪು ಬಣ್ಣ ಬಳಿದು, ರೇಡಿಯೋ ಪೆಟ್ಟಿಗೆ ಎಂದು ನಾಮಕರಣ ಮಾಡಿ, ಮೂಗಿನಲ್ಲಿ ಕೂರಿಸಿ ಗಾಜು ಅಂಟಿಸಿದೆ. ವಿಮಾನ ಮೂರು ಚಕ್ರದ ಮೇಲೆ ನಿಂತಿತು. ವಿಮಾನದ ಜೊತೆ ನನ್ನ ಮಾನವೂ.

ಶನಿವಾರ ಬೆಳಗ್ಗೆ ಹಿಲರಿ ಬಿಳಿಚಿಕೊಂಡು ಬಂದಳು.

“ಅಪ್ಪನ ಹಲ್ಲು ಕಾಣಿಸ್ತಿಲ್ಲ.”

“ಯಾವ ಹಲ್ಲು?”

“ಚಿನ್ನದ್ದು. ಗುರುವಾರ ಇಲ್ಲಿಗೆ ಬಂದಾಗ ಟಾಫಿ ಕಚ್ಚಿ ಕಳಚಿ ಬಂತು ಅಂತ ಹೇಳಿರ್ಲಿಲ್ವಾ? ಕಿಟಕಿ ಕಟ್ಟೆ ಮೇಲೆ ಸಾಸರಲ್ಲಿಟ್ಟಿದ್ದೀನಿ, ಮುಟ್ಟಬೇಡ ಅಂದೆ. ನೀನು ಹ್ಞೂಂ ಅಂದೆ.”

ಅಂದಿರಬಹುದು. ಬೆಲ್ಟಿನ ಬಕಲ್ ಅಂಟಿಸುವಾಗ ಗಂಡಸಿನ ಬಾಯಿಂದ ಬರುವ ‘ಹ್ಞೂಂ’ ಬರೀ ಉಸಿರು, ಉತ್ತರವಲ್ಲ. ನನ್ನ ಕಣ್ಣು ವಿಮಾನದ ಮೂಗಿನತ್ತ ಹೊರಳಿತು.

“ಪಾತ್ರೆ ತೊಳೆಯೋವಾಗ ಸಿಂಕಿಗೆ ಹೋಯ್ತೇನೋ. ತಪ್ಪು ನಂದೇ,” ಎಂದು ಹಿಲರಿ ಕಣ್ಣೊರೆಸಿಕೊಂಡಳು.

ಓದುಗರೇ, ಸತ್ಯ ಹೇಳಲು ಇದು ಪ್ರಶಸ್ತ ಕಾಲವಾಗಿತ್ತು. ಆದರೆ ಸತ್ಯ ಹೇಳಿದರೆ ಗಾಜು ಒಡೆಯಬೇಕು, ವಿಮಾನ ಬಾಲ ಊರಬೇಕು, “ಭೇಷ್” ನೀರುಪಾಲಾಗಬೇಕು. ಒಂದೇ ದಿನದ ಮಾತು. ಸೋಮವಾರ ಹಲ್ಲು ಪೈಪಿನಲ್ಲಿ ಸಿಕ್ಕಿತು ಎಂದರಾಯಿತು. ಹಾಗಾಗಿ ನಾನು ಸಿಂಕಿನ ಕೆಳಗೆ ಒಂದೂವರೆ ಗಂಟೆ ಅಂಗಾತ ಮಲಗಿ, ಪೈಪು ಬಿಚ್ಚಿ, ಮುಖದ ಮೇಲೆ ಕೊಚ್ಚೆ ಸುರಿಸಿಕೊಂಡು, ಇಲ್ಲದ ಹಲ್ಲನ್ನು ಶ್ರದ್ಧೆಯಿಂದ ಹುಡುಕಿದೆ. “ಪಾಪ, ಎಷ್ಟು ಒಳ್ಳೆಯವನು ನೀನು,” ಎಂದಳು ಹಿಲರಿ. ಕೊಚ್ಚೆಗಿಂತ ಆ ಮಾತು ಹೆಚ್ಚು ನಾರಿತು.

ಭಾನುವಾರ ಚರ್ಚ್ ಹಾಲ್ ತುಂಬಿತ್ತು. ಮಾವ ಮಫ್ಲರಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ನಮ್ಮ ತೀರ್ಪುಗಾರ ಡೆನ್ನಿಸ್ ಗ್ರಿಮ್‌ಶಾ ರೆಕ್ಕೆಯ ರಿವೆಟ್ ಮೊಳೆಗಳನ್ನು ಒಂದೊಂದಾಗಿ ಎಣಿಸುವ ಆಸಾಮಿ. ಆತ ಭೂತಗನ್ನಡಿ ಹಿಡಿದು ನನ್ನ ವಿಮಾನದ ಮೂಗಿಗೆ ಮೂಗು ತಾಗಿಸಿದ.

“ಬೆಲ್ಟು ಪರವಾಗಿಲ್ಲ. ಫ್ಲಾಸ್ಕು ಪರವಾಗಿಲ್ಲ. ಆದ್ರೆ ನೈಜೆಲ್, ಈ ರೇಡಿಯೋ ಪೆಟ್ಟಿಗೆ ಇದೆಯಲ್ಲ, ಇಂಥದ್ದು ನಾನು ನೋಡೇ ಇಲ್ಲ. ಆ ತಗ್ಗು, ಆ ಸವಕಲು, ನಿಜವಾಗಿ ವರ್ಷಗಟ್ಟಲೆ ಬಳಸಿದ ಹಾಗಿದೆ. ಯಾವುದರಲ್ಲಿ ಮಾಡಿದ್ದು?”

“ಅದು... ಮನೆಯಲ್ಲಿ ಸಿಕ್ಕಿದ್ದರಲ್ಲಿ.”

“ಪಿಂಡರ್ ಸಾರ್, ನೀವೇ ನೋಡಿ. ನಿಮ್ಮ ಕಾಲದ ರೇಡಿಯೋ.”

ಮಾವ ಎದ್ದುಬಂದರು. ಜೇಬಿನಿಂದ ಟಾರ್ಚ್ ತೆಗೆದು ಗಾಜಿನೊಳಗೆ ಬೆಳಕು ಬಿಟ್ಟರು. ಬಹಳ ಹೊತ್ತು ನೋಡಿದರು. ನಾಲಿಗೆಯಿಂದ ಕೆನ್ನೆಯೊಳಗೆ ಏನನ್ನೋ ತಡವಿ ನೋಡಿಕೊಂಡರು. ಆಮೇಲೆ ಮಫ್ಲರ್ ಕೆಳಗಿಳಿಸಿದರು.

“ಡೆನ್ನಿಸ್, ಅದು ರೇಡಿಯೋ ಅಲ್ಲ.”

“ಮತ್ತೆ?”

“ಮೇಲಿನ ಸಾಲು, ಎಡಗಡೆ, ಹಿಂದಿನಿಂದ ಎರಡನೇದು.”

ನ್ಯಾವಿಗೇಟರ್ ಅಂದಮೇಲೆ ಸ್ಥಳ ತಪ್ಪುವುದಿಲ್ಲ. ಹಿಲರಿ ನನ್ನ ಪಕ್ಕಕ್ಕೆ ಬಂದು ತಣ್ಣಗೆ ಕೇಳಿದಳು:

“ನಿನ್ನೆ ಸಿಂಕಿನ ಕೆಳಗೆ ಮಲ್ಕೊಂಡು ಏನು ಹುಡುಕ್ತಿದ್ದೆ?”

ಅಷ್ಟರಲ್ಲಿ ಮಾವ ಹೆಬ್ಬೆರಳಿನಿಂದ ಗಾಜಿನ ತುದಿಯನ್ನು ಒತ್ತಿದರು. ಟಕ್. ಇಪ್ಪತ್ತೇಳು ವರ್ಷ ಬರೀ ಮಾತಿನ ವರಸೆಯಾಗಿದ್ದದ್ದನ್ನು ಅವರು ಅಂದು ಮಾಡಿಯೇ ತೋರಿಸಿದರು: ನನ್ನ ಕೆಲಸ ನೋಡಿ ಮೂಗು ಮುರಿದರು. ಹಲ್ಲು ಹೊರಬಂತು. ಕ್ಯಾನ್‌ಬೆರಾ ಮೂತಿ ಎತ್ತಿ ಬಾಲ ಊರಿ ಕುಳಿತಿತು. “ಮೂರೂ ಚಕ್ರ ನೆಲ ಮುಟ್ಟಿರಬೇಕು, ನಿಯಮ,” ಎಂದು ಡೆನ್ನಿಸ್ ನನ್ನ ಚೀಟಿಯ ಮೇಲೆ ಗೆರೆ ಎಳೆದ. ಮಾವ ಒಡೆದ ಮೂಗಿನೊಳಗೆ ಮತ್ತೊಮ್ಮೆ ಬಗ್ಗಿ ನೋಡಿದರು. ಮೇಜು, ನಕ್ಷೆ, ಕುರ್ಚಿ. ನಾನು “ಭೇಷ್”ಗೆ ಕಿವಿಯೊಡ್ಡಿದೆ.

“ಫ್ಲಾಸ್ಕ್ ಎಡಗಡೆ ಇರ್ತಿತ್ತು,” ಎಂದರು.

ಮಂಗಳವಾರ ಅವರನ್ನು ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋಗುವ ಶಿಕ್ಷೆ ನನಗೇ ವಿಧಿಸಲಾಯಿತು. ವಾಪಸು ಬರುವಾಗ ಮಾವ ಹಿಂದಿನ ಸೀಟಿನಲ್ಲಿ ದಾರಿ ಹೇಳುತ್ತಿದ್ದರು. ನಡುವೆ ಮುಂದಕ್ಕೆ ಬಾಗಿದರು.

“ನೈಜೆಲ್.”

ಅವರು ನನ್ನ ಹೆಸರು ಹಿಡಿದು ಹಿಂದೆ ಯಾವಾಗ ಕರೆದಿದ್ದರು ಎಂಬುದು ನನಗೆ ನೆನಪಿಲ್ಲ.

“ಹೇಳಿ ಮಾವ.”

“ಡೆಂಟಿಸ್ಟ್ ಮುಕ್ಕಾಲು ಗಂಟೆ ಕೆರೆದ. ನಿನ್ನ ಬಣ್ಣ ಒಂದು ಚೂರೂ ಜಗ್ಗಲಿಲ್ಲ. ಸೋತು ಹಾಗೇ ಕೂರಿಸಿದ.”

ನಾನು ಬೈಗುಳಕ್ಕೆ ತಲೆ ತಗ್ಗಿಸಿದೆ.

“ಒಳ್ಳೆ ಕೆಲಸ ಮಾಡಿದ್ದೀಯ.”

ಕನ್ನಡಿಯಲ್ಲಿ ನೋಡಿದೆ. ಮಾವ ನಗುತ್ತಿದ್ದರು. ಎಡಗಡೆ, ಹಿಂದಿನಿಂದ ಎರಡನೆಯದು, ಮಂಕು ಕಪ್ಪು. ಇಪ್ಪತ್ತೇಳು ವರ್ಷ ಕಾದ ಮಾತಿನ ಆಘಾತಕ್ಕೆ ನಾನು ಮುಂದಿನ ತಿರುವು ದಾಟಿ ನೇರ ಯಾರದೋ ಬೇಲಿಗೆ ನುಗ್ಗಿದೆ.

“ಎಡಕ್ಕೆ ಅಂದಿದ್ದೆ,” ಎಂದರು ಮಾವ.