ತಣ್ಣೀರಪ್ಪನ ಬಿಸಿನೀರು

ಬಾಟಲಿ ಕಾರ್ಖಾನೆಯ ಹಿತ್ತಲಿನಲ್ಲಿ, ನೀರು ತಣಿಸುವ ಗೋಪುರದ ತಲೆಯ ಮೇಲೆ ಒಂದು ದೊಡ್ಡ ಫ್ಯಾನು ತಿರುಗುತ್ತಿತ್ತು. ತಿರುಗುತ್ತಿದ್ದಷ್ಟು ಕಾಲ ಅಲ್ಲೊಂದು ಫ್ಯಾನು ಇದೆ ಎನ್ನುವುದೇ ಯಾರಿಗೂ ನೆನಪಿರಲಿಲ್ಲ. ಆ ದಿನ ಬೆಳಿಗ್ಗೆ ಅದು ಒಮ್ಮೆ ಕೆಮ್ಮಿತು, ಸ್ವಲ್ಪ ಹೊಗೆ ಬಿಟ್ಟಿತು, ಆಮೇಲೆ ನಿಂತೇ ಹೋಯಿತು.

ಕೆಳಗೆ ಕೂತು ತಿಂಡಿಯ ಡಬ್ಬಿ ತೆರೆಯುತ್ತಿದ್ದ ತಣ್ಣೀರಪ್ಪನಿಗೆ ಜೀವ ಬಾಯಿಗೆ ಬಂತು.

ಹೆತ್ತವರು ಅವನಿಗೆ ಬೇರೆ ಹೆಸರನ್ನೇ ಇಟ್ಟಿದ್ದರು. ಆದರೆ ಕಾರ್ಖಾನೆಯ ಯಂತ್ರಗಳನ್ನೆಲ್ಲ ಸುತ್ತಿ ಹಬೆಯಾಡುತ್ತ ಬರುವ ನೀರನ್ನು ತಣ್ಣಗೆ ಮಾಡಿ ಹಿಂದಿನ ಕಾಲುವೆಗೆ ಬಿಡುವುದು ಅವನ ಕೆಲಸ. ಹಾಗಾಗಿ ಕಾರ್ಖಾನೆಯವರೂ ಓಣಿಯವರೂ ಸೇರಿ ಈ ಹೆಸರು ಅಂಟಿಸಿದ್ದರು, ಅವನೂ ಓಗೊಡುತ್ತಿದ್ದ. ಕಾಲುವೆಗೆ ಇಷ್ಟಕ್ಕಿಂತ ಬಿಸಿಯಾದ ನೀರು ಬಿಡಕೂಡದು, ಬಿಟ್ಟರೆ ಮೀನು ಸಾಯುತ್ತವೆ ಎಂದು ಕಾರ್ಖಾನೆಯ ಪರವಾನಗಿಯಲ್ಲೇ ಇತ್ತು. ಮೀರಿದರೆ ಕಾರ್ಖಾನೆಗೆ ದಂಡ, ಹೊಣೆ ಹೊತ್ತವನಿಗೆ ಮನೆಯ ದಾರಿ. ತಣ್ಣೀರಪ್ಪನಿಗಿಂತ ಮುಂಚೆ ಈ ಕೆಲಸದಲ್ಲಿದ್ದವನು ಹಾಗೆಯೇ ಮನೆಗೆ ಹೋಗಿದ್ದ. ಈಗಿನ ಹೊಣೆಗಾರ ತಣ್ಣೀರಪ್ಪ. ಮತ್ತು ನೀರು ಪರೀಕ್ಷೆ ಮಾಡುವ ಅಧಿಕಾರಿ ಬರುವುದು ಇದೇ ದಿನ ಮಧ್ಯಾಹ್ನ.

ಕರೆಂಟಿನವನು ಗೋಪುರ ಹತ್ತಿ ಇಳಿದು, "ಮೋಟಾರು ಸುಟ್ಟು ಕರಕಲಾಗಿದೆ. ಹೊಸದೇ ಬೇಕು," ಎಂದು ಕೈ ಒರೆಸಿಕೊಂಡು ಹೋದ.

ಮ್ಯಾನೇಜರು ತಲೆ ಚಚ್ಚಿಕೊಳ್ಳುತ್ತ ಅಂಗಡಿಗೆ ಫೋನು ಮಾಡಿದರು. ಹೊಸ ಮೋಟಾರು ಬರುವುದು ನಾಳೆ.

"ಸಾರ್, ಒಂದು ದಿನ ಯಂತ್ರ ನಿಲ್ಲಿಸಿದ್ರೆ..." ಎಂದು ತಣ್ಣೀರಪ್ಪ ರಾಗ ಎಳೆದ.

"ನಿಲ್ಲಿಸಿದ್ರೆ ಕುಲುಮೆಯಲ್ಲಿರೋ ಗಾಜೆಲ್ಲ ಅಲ್ಲೇ ಗಟ್ಟಿಯಾಗುತ್ತೆ. ಆಮೇಲೆ ಉಳಿ ಸುತ್ತಿಗೆ ತಗೊಂಡು ಕೆತ್ತೋಕೆ ನೀನು ಬರ್ತೀಯಾ?"

"ಹಾಗಾದ್ರೆ ನೀರು?"

"ನೀರಿಗೆ ನಿನ್ನನ್ನ ಇಟ್ಟಿರೋದು. ಏನಾದ್ರೂ ಮಾಡು. ಏನು ಮಾಡಿದೆ ಅಂತ ಮಾತ್ರ ನನಗೆ ಹೇಳ್ಬೇಡ. ನಂಗೆ ರಕ್ತದೊತ್ತಡ ಇದೆ."

ತಣ್ಣೀರಪ್ಪ ಹಿತ್ತಲಿನ ಗೋಡೆಯಾಚೆಗೆ ಹೋದ. ಅಲ್ಲಿ ಕಾರ್ಖಾನೆಯ ನೀರು ಮೊದಲು ಒಂದು ತೊಟ್ಟಿಗೆ ಬಿದ್ದು, ಅದು ತುಂಬಿದ ಮೇಲೆ ಕಾಲುವೆಗೆ ಹರಿಯುತ್ತಿತ್ತು. ಅಧಿಕಾರಿ ಪ್ರತಿ ಸಲವೂ ಆ ತೊಟ್ಟಿಯಲ್ಲೇ ಉಷ್ಣಮಾಪಕ ಅದ್ದುತ್ತಿದ್ದರು. ತಣ್ಣೀರಪ್ಪ ಒಂದು ಬೆರಳು ಅದ್ದಿ ನೋಡಿ ಕೂಡಲೇ ಹಿಂದಕ್ಕೆ ಎಳೆದುಕೊಂಡ.

ತಲೆ ಎತ್ತಿದರೆ, ಕಾಲುವೆಯ ಮೆಟ್ಟಿಲ ಮೇಲೆ ಮೂಲೆಮನೆ ಅಕ್ಕ ಸೀರೆ ಎತ್ತಿ ಕಟ್ಟಿ ಬಟ್ಟೆಯ ರಾಶಿಯ ನಡುವೆ ನಿಂತಿದ್ದಾಳೆ. ಓಣಿಯಲ್ಲಿ ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ ಇವಳ ಕಿವಿಗೆ ಮೊದಲು ಬೀಳಬೇಕು.

"ತಣ್ಣೀರಪ್ಪ! ನೀನು ನೂರು ಕಾಲ ಬಾಳಪ್ಪ! ನೀರು ಹೀಗೆ ಹದವಾಗಿ ಬಂದ್ರೆ ಎಂಥ ಕೊಳೆ ನಿಲ್ಲುತ್ತೆ ಹೇಳು!"

"ಅಕ್ಕಾ, ದಮ್ಮಯ್ಯ ಅಂತೀನಿ, ಕಿರುಚಬೇಡಿ!"

ಆದರೆ ಸುದ್ದಿ ಆಗಲೇ ಓಣಿ ದಾಟಿತ್ತು. ತಣ್ಣೀರಪ್ಪ ನೋಡುನೋಡುತ್ತಿದ್ದಂತೆ ದರ್ಜಿ ತನ್ನ ತಾಯಿಯನ್ನು ಕೈಹಿಡಿದು ಕರೆತಂದು, ನೋಯುವ ಮಂಡಿಯನ್ನು ನೀರಿಗೆ ಇಳಿಬಿಡಿಸಿ ಕೂರಿಸಿದ. ಬೇಕರಿಯವನು ಜಿಡ್ಡು ಹಿಡಿದ ತಟ್ಟೆಗಳನ್ನೆಲ್ಲ ತಂದು ಸುರಿದ. ಎಲ್ಲರಿಗಿಂತ ಹಿಂದೆ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ತಣ್ಣೀರಪ್ಪನ ಮಾವನೇ ಬರುತ್ತಿದ್ದರು. ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಮಗಳ ಮನೆಯಲ್ಲೇ ಇದ್ದು, ಅಳಿಯನನ್ನು ಓಡಿಸುವ ಕೆಲಸ ಹಿಡಿದಿದ್ದರು.

"ಅಳಿಯಂದ್ರೇ, ಮನೇಲಿ ಸೌದೆ ಉಳೀತು ನೋಡಿ. ಇಷ್ಟು ವರ್ಷ ಯಾಕೆ ಈ ಉಪಕಾರ ಮಾಡಲಿಲ್ಲ?"

ತಣ್ಣೀರಪ್ಪನಿಗೆ ಅಳು ಬಂತು. ಮೆಟ್ಟಿಲ ಮೇಲೆ ಕುಕ್ಕರಿಸಿ, ಫ್ಯಾನು ಕೆಟ್ಟದ್ದು, ಅಧಿಕಾರಿ ಬರುವುದು, ತನ್ನ ಕೆಲಸ ಹೋಗುವುದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಒಗೆಯುವ ಸದ್ದು ನಿಂತಿತು. ದರ್ಜಿಯ ತಾಯಿ ಮಾತ್ರ ಕಾಲು ತೆಗೆಯಲಿಲ್ಲ.

"ಇಷ್ಟೇನಾ?" ಎಂದರು ಮಾವ. "ನಡುರಸ್ತೇಲಿ ರೇಡಿಯೇಟರ್ ಕುದಿಯೋಕೆ ಶುರುವಾದ್ರೆ ನಾವು ಏನು ಮಾಡ್ತಿದ್ವಿ? ಅಳ್ತಾ ಕೂರ್ತಿದ್ವಾ? ತಣ್ಣೀರು ಸುರೀತಿದ್ವಿ!"

"ಎಲ್ಲಿಂದ ತರೋದು ಮಾವ?"

"ಎದುರಿಗೇ ಬಾವಿ ಇಟ್ಕೊಂಡು ಕೇಳ್ತೀರಲ್ಲ!"

ಮೂಲೆಮನೆ ಅಕ್ಕ ಸೆರಗು ಬಿಗಿದಳು. ಅವಳಿಗೆ ಇಂಥದೊಂದು ಅವಕಾಶಕ್ಕಾಗಿ ಇಡೀ ಜೀವಮಾನ ಕಾಯುತ್ತಿದ್ದಂತೆ ಹುರುಪು ಬಂದಿತ್ತು. "ನಮ್ಮ ಓಣಿಯ ಹುಡುಗನ ಅನ್ನ ಹೋಗೋಕೆ ಬಿಡ್ತೀವಾ? ಮನೆಗೊಂದು ಬಕೀಟು ತನ್ನಿ!"

ಮಧ್ಯಾಹ್ನದ ಹೊತ್ತಿಗೆ ಬಾವಿಯಿಂದ ತೊಟ್ಟಿಯವರೆಗೆ ಜನ ಸಾಲು ನಿಂತಿದ್ದರು. ಬಕೀಟು ಕೈಯಿಂದ ಕೈಗೆ ದಾಟುತ್ತಿತ್ತು. ತಣ್ಣೀರಪ್ಪ ಒಳಗಿನ ವಾಲ್ವನ್ನು ಎಷ್ಟು ಬಿಗಿಯಬಹುದೋ ಅಷ್ಟು ಬಿಗಿದು ಬಿಸಿನೀರನ್ನು ಬೆರಳಿನಷ್ಟು ಸಣ್ಣಗೆ ಮಾಡಿದ್ದ. ಮಾವ ಕಟ್ಟೆಯ ಮೇಲೆ ಕೂತು, "ರೈಟ್! ರೈಟ್!" ಎನ್ನುತ್ತಿದ್ದರು, ಬಕೀಟು ಮಾತ್ರ ಮುಟ್ಟಲಿಲ್ಲ. ಗೇಟಿನ ಬಳಿ ಜೀಪು ನಿಂತ ಸದ್ದು ಕೇಳಿದ್ದೇ ತಡ, ಎಲ್ಲರೂ ಬಕೀಟು ಬೋರಲು ಹಾಕಿ ಅದರ ಮೇಲೆ ಕೂತು, ಏನೂ ತಿಳಿಯದವರಂತೆ ಆಕಾಶ ನೋಡತೊಡಗಿದರು.

ಅಧಿಕಾರಿ ಸಾವಧಾನದ ಮನುಷ್ಯ. ತೊಟ್ಟಿಯಲ್ಲಿ ಉಷ್ಣಮಾಪಕ ಅದ್ದಿದರು, ತೆಗೆದರು, ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ಅದ್ದಿದರು. ಮ್ಯಾನೇಜರು ಅವರ ಹಿಂದೆ ನಿಂತು ಇಣುಕುತ್ತಿದ್ದರು.

"ಆಶ್ಚರ್ಯ!" ಎಂದರು ಅಧಿಕಾರಿ. "ಇಷ್ಟು ತಣ್ಣಗಿನ ನೀರು ನಿಮ್ಮಲ್ಲಿ ನಾನು ನೋಡೇ ಇಲ್ಲ."

ತಣ್ಣೀರಪ್ಪನ ಎದೆ ಹಗುರಾಯಿತು. ಅಧಿಕಾರಿ ಅಷ್ಟಕ್ಕೇ ಹೊರಟುಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಅವರು ಕತ್ತೆತ್ತಿ ಗೋಪುರ ನೋಡಿದರು.

"ಫ್ಯಾನು ನಿಂತಿದೆಯಲ್ಲ?"

ಮ್ಯಾನೇಜರು ಬಣ್ಣಗೆಟ್ಟು ತಣ್ಣೀರಪ್ಪನತ್ತ ನೋಡಿದರು. ತಣ್ಣೀರಪ್ಪನ ಬಾಯಿಂದ ಮಾತು ತಾನಾಗಿ ಉದುರಿತು: "ನಿಂತಿಲ್ಲ ಸಾರ್. ನಾವೇ ನಿಲ್ಲಿಸಿದ್ದೀವಿ."

"ಯಾಕೆ?"

"ಸುಮ್ನೆ ಕರೆಂಟು ಖರ್ಚು ಸಾರ್."

"ಮತ್ತೆ ನೀರು ಹೇಗೆ ತಣಿಯುತ್ತೆ?"

"ನಿಧಾನಕ್ಕೆ ಬಿಡಬೇಕು ಸಾರ್. ಅವಸರ ಮಾಡದೆ ಬಿಟ್ರೆ ನೀರು ತಾನೇ ತಣ್ಣಗಾಗುತ್ತೆ." ಅಧಿಕಾರಿ ತಲೆದೂಗುವುದನ್ನು ಕಂಡು ಅವನಿಗೆ ಇನ್ನಷ್ಟು ಹುಮ್ಮಸ್ಸು ಬಂತು. "ಫ್ಯಾನಿನ ಗಾಳಿಗಿಂತ ಹೊರಗಿನ ಗಾಳಿ ಒಳ್ಳೇದು ಸಾರ್. ನಾನು ನೋಡಿ ನೋಡಿ ಕಲ್ತಿದ್ದು."

ಅಧಿಕಾರಿ ಅವನ ಬೆನ್ನು ತಟ್ಟಿದರು. "ಭೇಷ್! ನಾಳೆ ಬೇರೆ ಕಾರ್ಖಾನೆಯವರನ್ನೂ ಕರ್ಕೊಂಡು ಬರ್ತೀನಿ. ಈ ವಿದ್ಯೆಯನ್ನ ನೀವೇ ತೋರಿಸಿಕೊಡಬೇಕು," ಎಂದು ಜೀಪು ಹತ್ತಿದರು.

ಜೀಪು ತಿರುವು ದಾಟುವ ಮೊದಲೇ ಮ್ಯಾನೇಜರು ಫೋನು ಕಿವಿಗೆ ಹಿಡಿದಿದ್ದರು. "ಹಲೋ, ಬೆಳಿಗ್ಗೆ ಹೇಳಿದ್ನಲ್ಲ, ಮೋಟಾರು, ಅದು ಬೇಡ. ಹೂಂ, ಇನ್ನು ಮೇಲೂ ಬೇಡ. ನಮ್ಮಲ್ಲಿ ಹಾಗೇ ತಣಿಯುತ್ತೆ."

"ಸಾರ್!" ತಣ್ಣೀರಪ್ಪನ ಕೈಕಾಲು ತಣ್ಣಗಾದವು. "ಹಾಗೆ ತಣಿಯಲ್ಲ ಸಾರ್! ಓಣಿಯವರೆಲ್ಲ ಸೇರಿ ಬಾವಿ ನೀರು..."

ಮ್ಯಾನೇಜರು ಎರಡೂ ಕಿವಿ ಮುಚ್ಚಿಕೊಂಡರು. "ಏನು ಮಾಡಿದೆ ಅಂತ ಹೇಳ್ಬೇಡ ಅಂದಿದ್ನೋ ಇಲ್ವೋ? ಅಧಿಕಾರಿಗೆ ಸುಳ್ಳು ಹೇಳಿದೆ ಅಂತ ನನ್ನ ಕಿವಿಗೆ ಬಿದ್ರೆ ನಿನ್ನನ್ನ ಇವತ್ತೇ ಮನೆಗೆ ಕಳಿಸ್ಬೇಕಾಗುತ್ತೆ. ಬೇಡಪ್ಪ. ಬಂಗಾರದಂಥ ಮನುಷ್ಯ ನೀನು. ನಾಳೆನೂ ಇವತ್ತಿನ ಹಾಗೇ ಮಾಡು."

ತಣ್ಣೀರಪ್ಪ ಒಂದೇ ಓಟಕ್ಕೆ ಕಾಲುವೆಗೆ ಬಂದ. ಅಧಿಕಾರಿ ಬೆನ್ನು ತಟ್ಟಿದ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿ, ಮೆಟ್ಟಿಲ ತುಂಬ ಸಂಭ್ರಮವೋ ಸಂಭ್ರಮ.

"ಅಕ್ಕಾ, ನಾಳೆ ಇನ್ನೊಂದು ದಿನ ಬಕೀಟು ತರ್ಬೇಕು..."

"ಯಾಕಪ್ಪಾ?" ಮೂಲೆಮನೆ ಅಕ್ಕ ರಟ್ಟೆ ನೀವಿಕೊಳ್ಳುತ್ತ ನಕ್ಕಳು. "ದೊಡ್ಡ ಸಾಹೇಬರೇ ಭೇಷ್ ಅಂದ್ರಂತೆ! ಇನ್ನು ನಿನ್ನ ಕೆಲಸಕ್ಕೆ ಯಾರು ಕೈ ಹಾಕ್ತಾರೆ? ನಾಳೆ ನಮಗೆ ಪುರುಸೊತ್ತಿಲ್ಲ. ಓಣಿಯ ಕಂಬಳಿಗಳನ್ನೆಲ್ಲ ನಾಳೇನೇ ಒಗೀಬೇಕು ಅಂತ ಮಾತಾಡಿಕೊಂಡಿದ್ದೀವಿ. ಆ ವಾಲ್ವು ಅದೇನೋ ಬಿಗಿದಿದ್ದೀಯಲ್ಲ, ಅದನ್ನ ಸ್ವಲ್ಪ ಸಡಿಲ ಬಿಡಪ್ಪಾ. ಬಿಸಿನೀರು ಸಾಲ್ತಾ ಇಲ್ಲ."

ಮಾವ ಟವೆಲ್ ಸುತ್ತಿಕೊಂಡು ನೀರಿಗಿಳಿದು, "ಅಳಿಯಂದ್ರೇ, ಬೆನ್ನು ಸ್ವಲ್ಪ ಉಜ್ಜಿ," ಎಂದರು.

ತಣ್ಣೀರಪ್ಪ ಮಾವನ ಬೆನ್ನು ಉಜ್ಜಿದ. ಆಮೇಲೆ ಅಲ್ಲೇ ಬೋರಲು ಬಿದ್ದಿದ್ದ ಬಕೀಟೊಂದನ್ನು ಎತ್ತಿಕೊಂಡು, ನಾಳೆಯ ನೀರು ಈಗಿನಿಂದಲೇ ಸೇದಿಡಲು ಒಬ್ಬನೇ ಬಾವಿಯ ಕಡೆ ನಡೆದ.